ನಿಮ್ಮನೆ ಮೆಟ್ಟಿಲು ಎಷ್ಟು?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ಐಲ್ಯಾಂಡ್ ಅಮೆರಿಕಕ್ಕೆ ಹಡಗಲ್ಲಿ ಬಂದ ವಲಸಿಗರನ್ನು ತಡೆದು ವಿಚಾರಿಸುತ್ತಿದ್ದ ದ್ವೀಪ. ಅದರ ಹಿನ್ನೆಲೆಯಲ್ಲಿ ಮಕ್ಕಳಿಗೊಂದು ಕಾದಂಬರಿ ಬರೆದ ಮೇಲೆ ಸುತ್ತಲಿನ ಶಾಲೆಗಳು ಮಾತಾಡಲು ಕರೆಯತೊಡಗಿದವು. ಕೇಳುವವರು ನಾಲ್ಕನೇ, ಐದನೇ ತರಗತಿಯ ಮಕ್ಕಳು. ಸಿಗುವುದು ಮುಕ್ಕಾಲು ಗಂಟೆ. ಚೀನೀ ಕೂಲಿಕಾರರಿಗೆ ಬಾಗಿಲು ಹಾಕಿದ 1882ರ ಕಾಯ್ದೆಯಿಂದ ಶುರುಮಾಡಿದರೆ ಅರ್ಧ ತರಗತಿ ಆಕಳಿಸುತ್ತದೆ. ಹಾಗಾಗಿ ನಾನು ನೇರ ವಿಚಾರಣೆಗೇ ಇಳಿಯುತ್ತೇನೆ.

"ನಿಮ್ಮನೆ ಮುಂದೆ ಮೆಟ್ಟಿಲು ಎಷ್ಟಿವೆ? ಅಕ್ಕಿ ಎಲ್ಲಿಡುತ್ತಾರೆ? ನಿಮ್ಮ ಸಾಲಿನ ಮೂರನೇ ಮನೆಯಲ್ಲಿ ಯಾರಿದ್ದಾರೆ?" ಉತ್ತರ ಚೀಟಿಯಲ್ಲಿ ಬರೆಯಬೇಕು. ಒಂದು ಶಾಲೆಯಲ್ಲಿ ಅವಳಿ ಮಕ್ಕಳಿದ್ದರು. ಇಬ್ಬರನ್ನೂ ಬೇರೆ ಬೇರೆ ಮೂಲೆಯಲ್ಲಿ ಕೂರಿಸಿದೆ. ಅಕ್ಕಿ ಅಡುಗೆಮನೆಯಲ್ಲಿ ಅಂತ ಹುಡುಗಿ ಬರೆದಿದ್ದಳು, ಗ್ಯಾರೇಜಿನಲ್ಲಿ ಅಂತ ಹುಡುಗ. "ನೀವಿಬ್ಬರೂ ಒಂದೇ ಮನೆಯವರಲ್ಲ, ವಾಪಸ್ ಹಡಗು ಹತ್ತಿ" ಅಂದೆ. ಎಲ್ಲರೂ ನಕ್ಕರು, ಹುಡುಗ ಮಾತ್ರ ಕೆಂಪಾದ. "ಚೀಲ ಗ್ಯಾರೇಜಲ್ಲಿ, ಡಬ್ಬ ಒಳಗೆ. ಇಬ್ರು ಹೇಳಿದ್ದೂ ಸರಿ!"

ಅಷ್ಟು ಸಾಕು. 1910ರಿಂದ 1940ರವರೆಗೆ ಆ ದ್ವೀಪದಲ್ಲಿ ನಡೆದದ್ದು ಇದೇ. ಮೊದಲೇ ಅಮೆರಿಕದಲ್ಲಿದ್ದ ಅಪ್ಪನನ್ನೂ ಹಡಗಿಳಿದ ಮಗನನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನಿಸಿ ಉತ್ತರ ತಾಳೆ ನೋಡುತ್ತಿದ್ದರು. ಅಧಿಕಾರಿಗಳ ಅನುಮಾನಕ್ಕೂ ಕಾರಣವಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋಗಿದ್ದವು. 'ನಾನು ಇಲ್ಲೇ ಹುಟ್ಟಿದವನು' ಅಂದರೆ ಅಲ್ಲಗಳೆಯುವುದು ಕಷ್ಟ. ಇಲ್ಲಿ ಹುಟ್ಟಿದವನು ನಾಗರಿಕ, ನಾಗರಿಕನ ಮಕ್ಕಳಿಗೆ ಪ್ರವೇಶವಿತ್ತು. ಇಲ್ಲದ ಮಕ್ಕಳ ಹೆಸರು ಬರೆಸಿ, ಆ ಜಾಗ ಬೇರೆಯವರಿಗೆ ಮಾರಿದವರಿದ್ದರು. ಹಾಗೆ ಬಂದ 'ಕಾಗದದ ಮಕ್ಕಳು' ಊರಿನ ಬಾವಿ, ಮನೆ, ನೆಂಟರ ವಿವರವನ್ನೆಲ್ಲ ಪುಸ್ತಕದಿಂದ ಉರುಹೊಡೆದು, ದಡ ಸೇರುವ ಮುಂಚೆ ಅದನ್ನು ಸಮುದ್ರಕ್ಕೆಸೆಯುತ್ತಿದ್ದರು.

"ಹಾಗಾದ್ರೆ ಸುಳ್ಳು ಹೇಳಿದ್ರಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವು ಟೀಚರುಗಳಿಗೆ ಇರುಸುಮುರುಸು. ನಾನು ತೀರ್ಪು ಕೊಡುವುದಿಲ್ಲ. ಕಾನೂನು ಏನಿತ್ತೆಂದು ಬೋರ್ಡಿನ ಮೇಲೆ ಬರೆದು ಮಕ್ಕಳನ್ನೇ ವಾದಕ್ಕೆ ಬಿಡುತ್ತೇನೆ. ಆದರೆ ಚೀನೀ ಮನೆತನದ ಮಗುವಿನತ್ತ ತಿರುಗಿ 'ನಿಮ್ಮ ತಾತನೂ ಹಾಗೇನಾ?' ಅಂತ ಎಂದೂ ಕೇಳುವುದಿಲ್ಲ. ಸುಳ್ಳು ಹೆಸರನ್ನೇ ತಲೆಮಾರುಗಟ್ಟಲೆ ಹೊತ್ತ ಕುಟುಂಬಗಳಿವೆ. ಅದನ್ನು ಹೇಳುವುದು ಬಿಡುವುದು ಅವರ ಮನೆಯವರಿಗೆ ಬಿಟ್ಟದ್ದು.

ಇನ್ನು ಕಾದಂಬರಿಯಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು? ಸ್ಯಾನ್ ಬ್ರೂನೊದ ರಾಷ್ಟ್ರೀಯ ಪತ್ರಾಗಾರದಲ್ಲಿ ವಿಚಾರಣೆಯ ಕಡತಗಳಿವೆ. ಅಂಥದೊಂದು ಹಾಳೆಯನ್ನೂ ನನ್ನ ಪುಸ್ತಕದ ಪುಟವನ್ನೂ ಅಕ್ಕಪಕ್ಕ ಪರದೆ ಮೇಲೆ ಹಾಕುತ್ತೇನೆ. ಪ್ರಶ್ನೆಗಳು ಕಡತದವು, ಹುಡುಗನ ಹೆಸರು, ಅವನ ಪುಕ್ಕಲುತನ ನನ್ನವು. ಬಂಧಿತರು ಮರದ ಗೋಡೆಗಳಲ್ಲಿ ಕೆತ್ತಿದ ಕವಿತೆಗಳನ್ನು ಮಾತ್ರ ನನ್ನ ಪಾತ್ರದ ಬಾಯಿಗೆ ಹಾಕಿಲ್ಲ. ಕೆಡವಲಿದ್ದ ಆ ಕಟ್ಟಡದಲ್ಲಿ 1970ರಲ್ಲಿ ಪಾರ್ಕಿನ ರೇಂಜರ್ ಅಲೆಕ್ಸಾಂಡರ್ ವೈಸ್ ಅವುಗಳನ್ನು ಗಮನಿಸಿದ್ದರಿಂದ ಉಳಿದವು. ಕೆತ್ತಿದವರ ಸಂಕಟವನ್ನು ನನ್ನ ಹುಡುಗನ ಹೆಸರಿಗೆ ಬರೆಯಲು ಮನಸ್ಸಾಗಲಿಲ್ಲ.

"ನೀವು ಇಂಡಿಯನ್, ಇದನ್ನ ಯಾಕೆ ಬರೆದ್ರಿ?" ಅಂತಲೂ ಕೇಳುತ್ತಾರೆ. 1915ರಲ್ಲಿ ಗಂಡ, ಮೂವರು ಗಂಡುಮಕ್ಕಳೊಂದಿಗೆ ಬಂದ ಭಾರತದ ಕಲಾ ಬಾಗೈ ಅವರನ್ನು ತಡೆದು ಕೂರಿಸಿದ್ದೂ ಇದೇ ದ್ವೀಪದಲ್ಲಿ. 1917ರ ಕಾಯ್ದೆ ಭಾರತೀಯರಿಗೂ ಬಾಗಿಲು ಹಾಕಿತು.

ಚೀನೀಯರ ಮೇಲಿನ ನಿಷೇಧ 1943ರಲ್ಲಿ ಹೋಯಿತು ಅಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ವರ್ಷಕ್ಕೆ ಎಷ್ಟು ಜನರನ್ನು ಬಿಟ್ಟರು, ಊಹಿಸಿ ಅನ್ನುತ್ತೇನೆ. ಹತ್ತು ಸಾವಿರ, ಒಂದು ಲಕ್ಷ ಅಂತ ಕೂಗುತ್ತಾರೆ. 105 ಅಂತ ಬರೆದರೆ, ಸೊನ್ನೆಗಳು ಬಿಟ್ಟುಹೋಗಿವೆ ಅಂತ ನನ್ನನ್ನೇ ತಿದ್ದಲು ಬರುತ್ತಾರೆ.