ನಮ್ಮ ಬಿಸಿಲಿಗೆ ಗಾಳದ ಹುಳು: ಕೊಳ್ಳುವುದು, ಕಾಪಾಡುವುದು

ಗಾಳಕ್ಕೆ ಜೀವಂತ ಹುಳು ಸಿಕ್ಕಿಸಿ ಮೀನು ಹಿಡಿಯುವ ವಿಡಿಯೊ ನೋಡಿ ಹುಳು ತರಿಸುವವರು ಈಗ ನಮ್ಮ ಕಡೆಯೂ ಇದ್ದಾರೆ. ಆ ವಿಡಿಯೊಗಳು ಬಹುಪಾಲು ಚಳಿ ದೇಶದವು. ಅಲ್ಲಿ ಡಬ್ಬಿಯನ್ನು ಹಿತ್ತಲಲ್ಲಿ ಮರೆತರೂ ನಡೆಯುತ್ತದೆ. ರಾಯಚೂರು, ಸಿಂಧನೂರು, ಬಳ್ಳಾರಿ ಕಡೆ ಏಪ್ರಿಲ್ ಬಂತೆಂದರೆ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಚುರುಕಾಗಿ ಹರಿದಾಡುತ್ತಿದ್ದ ಹುಳು ಮಧ್ಯಾಹ್ನಕ್ಕೆ ಬೆವತು ಕಪ್ಪಾಗಿ ನಾರುತ್ತದೆ. ಅದಕ್ಕೇ ಮೊದಲು ಇಡುವ ಜಾಗ ಸಿದ್ಧ ಮಾಡಿಕೊಳ್ಳಿ, ಆಮೇಲೆ ದುಡ್ಡು ಕೊಡಿ. ಇನ್ನೊಂದು ಮಾತು: ಎಲ್ಲ ಹುಳುಗಳೂ ಒಂದೇ ಅಲ್ಲ. ಒಂದಕ್ಕೆ ಫ್ರಿಜ್ ಬೇಕು, ಇನ್ನೊಂದು ಫ್ರಿಜ್‌ನಲ್ಲಿಟ್ಟರೆ ಸಾಯುತ್ತದೆ. ಒಂದಕ್ಕೆ ಒಣ ಹಾಸು, ಇನ್ನೊಂದಕ್ಕೆ ಹಸಿ ಗೊಬ್ಬರ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಯಾವ ಮೀನಿಗೆ ಅಂತ ಮೊದಲೇ ಯೋಚಿಸಿ. ಜಿಲೇಬಿ ಮೀನು (ತಿಲಾಪಿಯಾ), ಸಾಮಾನ್ಯ ಗೆಂಡೆ, ಚೇಳು ಮೀನು, ಕಾಲುವೆಯಲ್ಲಿ ಸಿಗುವ ಸಣ್ಣಪುಟ್ಟ ಮೀನು ಹುಳುವಿಗೆ ಚೆನ್ನಾಗಿ ಬರುತ್ತವೆ. ಕಟ್ಲಾ ಮಾತ್ರ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿನ್ನುವ ಮೀನು. ಅದರ ಹಿಂದೆ ಬಿದ್ದಿದ್ದರೆ ಹಿಟ್ಟಿನ ಉಂಡೆಯೇ ಸರಿ, ಹುಳುವಿಗೆ ಸುಮ್ನೆ ದುಡ್ಡು ಹಾಕಬೇಡಿ.

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎರಡು: ಮೀಲ್‌ವರ್ಮ್ ಮತ್ತು ಸೂಪರ್‌ವರ್ಮ್, ಎರಡೂ ದುಂಬಿಯ ಮರಿಹುಳುಗಳು. ಸಾಕುಹಕ್ಕಿ, ಅಕ್ವೇರಿಯಂ ಮೀನು ಮಾರುವವರ ಹತ್ತಿರ ಕೇಳಿ ನೋಡಿ. ಅವರು ಹಕ್ಕಿಗೆ, ಅರೋವಾನಾ ಮೀನಿಗೆ ಅಂತ ತರಿಸುತ್ತಾರೆ, ಗಾಳಕ್ಕೂ ಅದೇ ಆಗುತ್ತದೆ. ಮೀಲ್‌ವರ್ಮ್ ಸುಮಾರು ಒಂದು ಇಂಚು ಉದ್ದ, ಹಳದಿ ಕಂದು ಬಣ್ಣ. ಸೂಪರ್‌ವರ್ಮ್ ಅದರ ಎರಡರಷ್ಟು ಉದ್ದ, ತಲೆ ಬಾಲ ಎರಡೂ ಕಡೆ ಕಪ್ಪು.

ಕೊಳ್ಳುವಾಗ ಡಬ್ಬಿಯ ಮೇಲ್ಪದರ ನೋಡಿ ಒಪ್ಪಬೇಡಿ. ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತಿ. ಸತ್ತಿದ್ದು, ಒದ್ದೆಯಾಗಿದ್ದು, ಕಪ್ಪಾಗಿದ್ದು ಎಲ್ಲಾ ತಳದಲ್ಲೇ ಇರುತ್ತದೆ. ಅಂಗೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಬಾಯಿಂದ ಬಿಸಿಯುಸಿರು ಬಿಡಿ, ಆರೋಗ್ಯದ ಹುಳು ತಕ್ಷಣ ಹೊರಳಾಡುತ್ತದೆ. ಮೂಗಿಗೆ ಹಿಡಿದರೆ ಒಣ ಹಿಟ್ಟಿನ ವಾಸನೆ ಬರಬೇಕು. ಹುಳಿ ವಾಸನೆ ಅಥವಾ ಮೂತ್ರದ ಘಾಟು ಬಂದರೆ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ನಡುವೆ ಒಂದೆರಡು ಬೆಳ್ಳಗೆ ಮೆತ್ತಗಿನವು ಕಂಡರೆ ರೋಗ ಅಂತ ಹೆದರಬೇಡಿ, ಅವು ಆಗಷ್ಟೇ ಪೊರೆ ಬಿಟ್ಟಂಥವು, ಗಾಳಕ್ಕೆ ನಿಜಕ್ಕೂ ಅವೇ ಒಳ್ಳೆಯವು. ಆದರೆ ಅಲುಗಾಡದೆ ಬಾಗಿ ಮಲಗಿದ ಕೋಶಗಳು (ಹುಳು ದುಂಬಿಯಾಗುವ ಮುಂಚಿನ ಹಂತ) ಜಾಸ್ತಿ ಇದ್ದರೆ ಆ ಸರಕು ಹಳೆಯದು. ತೂಕದ ಮೇಲೆ ಮಾರುವವರಾದರೆ ಮೊದಲು ಜರಡಿ ಹಿಡಿಸಿ. ಹುಳುವಿನ ಕೆಳಗೆ ಹಾಸಿದ ಬೂಸಾಕ್ಕೆ ಹುಳುವಿನ ದರ ಯಾಕೆ ಕೊಡಬೇಕು, ಅಲ್ವಾ?

ಬೆಂಗಳೂರಿಂದಲೋ ಹೈದರಾಬಾದಿಂದಲೋ ಪಾರ್ಸಲ್ ತರಿಸುವುದಾದರೆ ವಾರದ ಮೊದಲ ದಿನಗಳಲ್ಲೇ ಹೊರಡುವಂತೆ ಹೇಳಿ. ಶುಕ್ರವಾರ ಕಳಿಸಿದ್ದು ಭಾನುವಾರ ಪೂರ್ತಿ ತಗಡಿನ ಗೋದಾಮಿನಲ್ಲಿ ಬೇಯುತ್ತದೆ. ಮಾರ್ಚ್‌ನಿಂದ ಮೇವರೆಗೆ ತರಿಸಲೇಬೇಡಿ ಅನ್ನುವುದೇ ನನ್ನ ಅಭಿಪ್ರಾಯ. ರಾತ್ರಿ ಬಸ್ಸಿನಲ್ಲಿ ಬರುವ ವ್ಯವಸ್ಥೆ ಇದ್ದು, ಬೆಳಿಗ್ಗೆ ನೀವೇ ನಿಲ್ದಾಣಕ್ಕೆ ಹೋಗಿ ಇಳಿಸಿಕೊಳ್ಳುವುದಾದರೆ ಮಾತು ಬೇರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ನಿಶ್ಚಿಂತೆ.

ಮೀಲ್‌ವರ್ಮ್ 7ರಿಂದ 10 ಡಿಗ್ರಿ ತಂಪಿನಲ್ಲಿ ನಿದ್ದೆಗೆ ಬಿದ್ದಂತೆ ಇರುತ್ತದೆ. ಬೆಳೆಯುವುದೂ ಇಲ್ಲ, ಕೋಶ ಕಟ್ಟುವುದೂ ಇಲ್ಲ, ವಾರಗಟ್ಟಲೆ ಹಾಗೇ ಉಳಿಯುತ್ತದೆ. ಫ್ರಿಜ್‌ನ ಮೇಲಿನ ಅರೆ ಇದಕ್ಕಿಂತ ಜಾಸ್ತಿ ತಂಪು, ಹಾಗಾಗಿ ಕೆಳಗಿನ ತರಕಾರಿ ಡಬ್ಬಿ ಅಥವಾ ಬಾಗಿಲಿನ ಅರೆ ಸರಿ. ಮುಚ್ಚಳಕ್ಕೆ ಸೂಜಿಯಿಂದ ಸಣ್ಣ ತೂತು ಮಾಡಿ. ಮನೆಯವರನ್ನು ಕೇಳದೆ ಇಡಬೇಡಿ, ಅಡುಗೆ ಸಾಮಾನಿಗೆ ತಾಗದಂತೆ ಇನ್ನೊಂದು ಡಬ್ಬಿಯೊಳಗೆ ಇಡಿ. ಎರಡು ವಾರಕ್ಕೊಮ್ಮೆ ಒಂದು ದಿನ ಹೊರಗೆ ತೆಗೆದು ಗಜ್ಜರಿ ಅಥವಾ ಆಲೂಗಡ್ಡೆ ತುಂಡು ಹಾಕಿ. ತಿಂದು ಚುರುಕಾದ ಮೇಲೆ ತುಂಡು ತೆಗೆದು ಮತ್ತೆ ಒಳಗಿಡಿ. ತುಂಡು ಅಲ್ಲೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ.

ಸೂಪರ್‌ವರ್ಮ್‌ಗೆ ಇದೇ ಉಪಾಯ ಮಾಡಿದರೆ ಎಲ್ಲವೂ ಸಾಯುತ್ತವೆ. ಅದು ಬಿಸಿ ದೇಶದ ಹುಳು, ತಂಪು ತಾಳುವುದಿಲ್ಲ. 21ರಿಂದ 27 ಡಿಗ್ರಿಯೊಳಗೆ, ಮನೆಯ ತಂಪಾದ ಮೂಲೆಯಲ್ಲಿ ಇಡಿ. ಒಟ್ಟಿಗೆ ಇದ್ದಷ್ಟು ಕಾಲ ಕೋಶ ಕಟ್ಟುವುದಿಲ್ಲ, ಒಂಟಿಯಾಗಿ ಬೇರೆ ಇಟ್ಟರೆ ಮಾತ್ರ ಕಟ್ಟುತ್ತದೆ. ಹಸಿವಾದರೆ ಒಂದನ್ನೊಂದು ಕಚ್ಚುತ್ತವೆ, ಆದ್ದರಿಂದ ಗಜ್ಜರಿ ತುಂಡು ಡಬ್ಬಿಯಲ್ಲಿ ಯಾವಾಗಲೂ ಇರಲಿ, ಹಳತಾದ ಹಾಗೆ ಬದಲಿಸಿ.

ಹಾಸಿನ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಗಂಗಾವತಿ, ಕಾರಟಗಿ, ಸಿಂಧನೂರಲ್ಲಿ ರೈಸ್ ಮಿಲ್‌ಗಳು ಇರುವುದರಿಂದ ಅಕ್ಕಿ ತೌಡು ಸುಲಭವಾಗಿ ಸಿಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ತೌಡಿನಲ್ಲಿ ಎಣ್ಣೆ ಅಂಶ ಜಾಸ್ತಿ, ಬಿಸಿಲಿಗೆ ಬೇಗ ಕೆಡುತ್ತದೆ, ಗಂಟು ಕಟ್ಟುತ್ತದೆ. ಒಂದೆರಡು ದಿನಕ್ಕೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ದಿನಕ್ಕೆ ದನದ ಆಹಾರದ ಅಂಗಡಿಯಲ್ಲಿ ಸಿಗುವ ಗೋಧಿ ಬೂಸಾ ತನ್ನಿ. ಒಂದು ದಿನ ಬಿಸಿಲಿಗೆ ಒಣಗಿಸಿ, ಆರಿಸಿ, ಆಮೇಲೆ ಹಾಕಿ. ಭತ್ತದ ಹೊಟ್ಟು ಬೇಡ, ಅದು ಒರಟು, ತೇವ ಹೀರುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಮೀಲ್‌ವರ್ಮ್ ಬೆಳೆದು ಆಗುವ ದುಂಬಿ ದಾಸ್ತಾನಿನ ಧಾನ್ಯಕ್ಕೆ ಬೀಳುವ ಕೀಟ. ಮಿಲ್ಲು, ಗೋದಾಮು, ಮನೆಯ ಜೋಳದ ಚೀಲ ಇರುವ ಕಡೆ ಹುಳು ಚೆಲ್ಲಬೇಡಿ.

ನೊಣದ ಹುಳು ಬೇರೆ ಜಾತಿಯ ವ್ಯವಹಾರ. ಇದನ್ನು ಕೊಳ್ಳುವುದಕ್ಕಿಂತ ಬೆಳೆಸುವುದೇ ಸುಲಭ. ಊರಿಂದ ದೂರ, ನೆರೆಹೊರೆಯವರಿಗೆ ವಾಸನೆ ಹೋಗದ ಕಡೆ, ಹಳೇ ಬಕೆಟ್‌ನಲ್ಲಿ ತೌಡು ಹರಡಿ ಮೀನಿನ ಕರುಳು ಇಡಿ. ನಾಯಿ ಬೆಕ್ಕು ಬಾಯಿ ಹಾಕದಂತೆ ಮೇಲೆ ದೊಡ್ಡ ಕಣ್ಣಿನ ಜಾಲರಿ ಕಟ್ಟಿ. ನಮ್ಮ ಬಿಸಿಲಿಗೆ ನೊಣ ಬಂದು ಇಟ್ಟ ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತದೆ, ನಾಲ್ಕೈದು ದಿನಕ್ಕೆ ಹುಳು ಗಾಳದ ಗಾತ್ರಕ್ಕೆ ಬರುತ್ತದೆ. ಆ ದಿನ ತಪ್ಪಿಸಿದರೆ ಕೋಶವಾಗಿಬಿಡುತ್ತದೆ. ಜರಡಿ ಹಿಡಿದು ತೆಗೆದು, ಒಣ ಮೆಕ್ಕೆಜೋಳದ ಹಿಟ್ಟಿನಲ್ಲಿ ಉರುಳಾಡಲು ಬಿಡಿ, ಜಿಡ್ಡು ವಾಸನೆ ಎರಡೂ ಕಡಿಮೆ ಆಗುತ್ತವೆ. ಡಬ್ಬಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ರಾಶಿ ಬಿದ್ದ ಹುಳುಗಳು ತಾವೇ ಬಿಸಿ ಹುಟ್ಟಿಸುತ್ತವೆ, ಬೆವರುತ್ತವೆ, ಒದ್ದೆಯಾದ ಮೇಲೆ ಡಬ್ಬಿಯ ಗೋಡೆ ಹತ್ತಿ ಹೊರಗೆ ಬರುತ್ತವೆ. ಒಣಗಿದ್ದರೆ ಹತ್ತಲಾರವು. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ.

ಫ್ರಿಜ್ ಇಲ್ಲದವರಿಗೆ, ಕರೆಂಟ್ ಹೋಗಿ ಬರುವ ಊರಿನವರಿಗೆ ಮಡಕೆ ಇದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು ನಡುವೆ ಎರಡು ಬೆರಳಷ್ಟು ಜಾಗದಲ್ಲಿ ಮರಳು ತುಂಬಿ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿ, ಬಾಯಿಗೆ ಒದ್ದೆ ಗೋಣಿಚೀಲ ಮುಚ್ಚಿ, ಗಾಳಿ ಆಡುವ ನೆರಳಲ್ಲಿ ಇಡಿ. ನೀರು ಆವಿಯಾಗುವಾಗ ಒಳಗಿನ ಬಿಸಿ ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಅಂದರೆ ನಮ್ಮ ಏಪ್ರಿಲ್ ಮೇ ಬಿಸಿಲಿಗೇ ಹೇಳಿ ಮಾಡಿಸಿದಂತಿದೆ. ಮಳೆಗಾಲದಲ್ಲಿ ಅಷ್ಟು ಪ್ರಯೋಜನ ಇಲ್ಲ. ಒಳಮಡಕೆಯಲ್ಲಿ ತೇವ ಇರುವುದರಿಂದ ಹುಳುವನ್ನು ನೇರವಾಗಿ ಸುರಿಯಬೇಡಿ. ಬೂಸಾ ಹಾಕಿದ ಡಬ್ಬಿಯಲ್ಲಿಟ್ಟು, ಮುಚ್ಚಳದ ಬದಲು ತೆಳು ಹತ್ತಿ ಬಟ್ಟೆ ಬಿಗಿದು, ಕೆಳಗೆ ಎರಡು ಕಲ್ಲು ಕೊಟ್ಟು ಎತ್ತರಿಸಿ. ಸೂಪರ್‌ವರ್ಮ್‌ಗಂತೂ ಬೇಸಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ದುಡ್ಡು ಕೊಡದೆ ಸಿಗುವವೂ ಇವೆ. ಹಳೇ ತಿಪ್ಪೆ ಕೆದರಿದರೆ ಬಾಗಿದ ಬಿಳಿ ಗೊಣ್ಣೆ ಹುಳು ಸಿಗುತ್ತದೆ. ದೊಡ್ಡ ಗೆಂಡೆಗೆ, ಚೇಳು ಮೀನಿಗೆ ಬಲು ಚೆನ್ನ. ಇದನ್ನು ಒಣ ಬೂಸಾದಲ್ಲಿ ಇಡಬೇಡಿ, ಸಿಕ್ಕಿದ ತಿಪ್ಪೆಯ ಗೊಬ್ಬರವನ್ನೇ ಬಕೆಟ್‌ಗೆ ತುಂಬಿ, ಸ್ವಲ್ಪ ತೇವ ಮಾಡಿ ನೆರಳಲ್ಲಿಡಿ. ತೊಗರಿ ಕಾಯಿ ಕಟ್ಟುವ ಕಾಲದಲ್ಲಿ ಕಾಯಿಕೊರಕ ಹುಳು ಸಿಗುತ್ತದೆ, ರೈತರು ಗಿಡ ಅಲುಗಾಡಿಸಿ ಬಟ್ಟೆಯ ಮೇಲೆ ಬೀಳಿಸುತ್ತಾರಲ್ಲ, ಅದೇ. ಹೊಲದವರನ್ನು ಕೇಳಿ, ಎಣ್ಣೆ ಹೊಡೆಯದ ಹೊಲದ್ದನ್ನು ಮಾತ್ರ ತನ್ನಿ. ಔಷಧಿ ಬಿದ್ದ ಹುಳುವನ್ನು ನೀರಿಗೆ ಹಾಕುವುದು ಮೀನಿಗೂ ಕೆಟ್ಟದ್ದು, ಆ ಮೀನು ತಿನ್ನುವ ನಿಮಗೂ ಕೆಟ್ಟದ್ದು. ಕಾಯಿಕೊರಕ ಒಂದನ್ನೊಂದು ತಿನ್ನುತ್ತದೆ. ಒಂದೇ ಡಬ್ಬಿಗೆ ಹಾಕಿದರೆ ಮರುದಿನಕ್ಕೆ ಅರ್ಧವೂ ಉಳಿಯುವುದಿಲ್ಲ. ರಟ್ಟಿನ ಚೂರು ಅಡ್ಡ ಕೊಟ್ಟು ಒಂದೊಂದು ಎಳೆ ಕಾಯಿ ಜೊತೆ ಬೇರೆ ಬೇರೆ ಇಡಿ.

ಮೀನಿಗೆ ಹೊರಡುವ ದಿನ ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿ ಹಾಕಬೇಡಿ, ಅಲ್ಲಿ ಬೇಯುತ್ತದೆ. ಒದ್ದೆ ಟವೆಲ್ ಸುತ್ತಿ ಬಟ್ಟೆ ಚೀಲದಲ್ಲಿ ನೇತುಹಾಕಿ. ದಂಡೆಯಲ್ಲಿ ಆಗಿಂದಾಗ್ಗೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಂಡು ಉಳಿದದ್ದನ್ನು ಮರದ ಬುಡದಲ್ಲಿಡಿ. ನೊಣದ ಹುಳುವಿಗೆ ಸಣ್ಣ ಗಾಳವೇ ಬೇಕು, 14ರಿಂದ 18ನೇ ನಂಬರಿನದು. ಹುಳುವಿನ ದಪ್ಪ ತುದಿಯಲ್ಲಿ ಎರಡು ಕಂದು ಚುಕ್ಕೆ ಕಾಣುತ್ತವೆ, ಕಣ್ಣಿದ್ದ ಹಾಗೆ. ಅವು ಉಸಿರಾಡುವ ರಂಧ್ರ, ಆ ತುದಿ ಹುಳುವಿನ ಹಿಂಭಾಗ. ತಲೆ ಇರುವುದು ಚೂಪಾದ ಕಡೆ. ದಪ್ಪ ತುದಿಯ ತೊಗಲಿಗಷ್ಟೇ ಗಾಳ ತೂರಿಸಿ. ಒಳಗೆ ಚುಚ್ಚಿದರೆ ರಸ ಸೋರಿ ಹುಳು ಸುಮ್ಮನಾಗುತ್ತದೆ, ತೊಗಲಿಗೆ ಸಿಕ್ಕಿಸಿದರೆ ನೀರಲ್ಲೂ ತುಂಬಾ ಹೊತ್ತು ಒದ್ದಾಡುತ್ತದೆ.

ಎಲ್ಲಿ ಕೂರುತ್ತೀರಿ ಅನ್ನುವುದನ್ನೂ ನೋಡಿ. ಕೊಪ್ಪಳ ತಾಲ್ಲೂಕಿನ ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯ ಸುಮಾರು 34 ಕಿ.ಮೀ. ಭಾಗ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿನ ಮೀನು ನೀರುನಾಯಿಗಳ ಊಟ, ಅರಣ್ಯ ಇಲಾಖೆಯನ್ನು ಕೇಳದೆ ಗಾಳ ಬಿಚ್ಚಬೇಡಿ. ಊರ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ ಕೂರಿ.

ಉಳಿದ ನೊಣದ ಹುಳು ಕೋಶವಾಗಿದ್ದರೆ ಎಸೆಯಬೇಡಿ. ಒಂದು ಬೋಗುಣಿ ನೀರಿಗೆ ಹಾಕಿ. ಮುಳುಗಿದವು ಹೊಸವು, ತೇಲಿದವು ಹಳೆಯವು. ಮುಳುಗಿದ್ದನ್ನು ಅದೇ ನೀರಿನ ಜೊತೆ ತಂಪಲ್ಲಿಟ್ಟರೆ ಒಂದೆರಡು ದಿನ ಬರುತ್ತದೆ, ಗಾಳದ ಸುತ್ತ ಚೆಲ್ಲಿ ಗೆಂಡೆ ಕರೆಯಲು ಬಳಸಬಹುದು. ತೇಲಿದ್ದನ್ನು, ಮಿಕ್ಕ ಮೀಲ್‌ವರ್ಮ್ ಸೂಪರ್‌ವರ್ಮ್‌ಗಳನ್ನು ಮನೆಯ ಕೋಳಿಗೆ ಹಾಕಿ. ದಂಡೆಯಲ್ಲಿ ಮಾತ್ರ ಸುರಿದು ಬರಬೇಡಿ.