ಕಂಟೇನರ್ ಹಡಗೇರುವ ಮುನ್ನ ಐಎಸ್‌ಎಫ್ ತುಂಬುವುದು ಹೇಗೆ?

ಶೆನ್‌ಜೆನ್‌ನಿಂದ ಬ್ಲೂಟೂತ್ ಸ್ಪೀಕರ್ ತರಿಸಿ ಅಮೆರಿಕದಲ್ಲಿ ಮಾರುವ ನಮ್ಮವರ ಫೋನ್ ಕರೆಗಳೆಲ್ಲ ಒಂದೇ ರೀತಿ ಶುರುವಾಗುತ್ತವೆ: ‘ಹಡಗು ಹೊರಟಿದೆ, ಐಎಸ್‌ಎಫ್ ಎಂದು ಏನೋ ಕೇಳುತ್ತಿದ್ದಾರೆ.’ ಅಷ್ಟು ಹೊತ್ತಿಗೆ ಗಡುವು ಮುಗಿದಿರುತ್ತದೆ.

ಐಎಸ್‌ಎಫ್ (ಇಂಪೋರ್ಟರ್ ಸೆಕ್ಯುರಿಟಿ ಫೈಲಿಂಗ್) ಎಂದರೆ ಆಮದುದಾರ ಅಮೆರಿಕದ ಕಸ್ಟಮ್ಸ್‌ಗೆ ಮುಂಚಿತವಾಗಿ ಕೊಡಬೇಕಾದ ಭದ್ರತಾ ವಿವರ. 2009ರ ಜನವರಿಯಿಂದ ಜಾರಿಯಲ್ಲಿದೆ, ಸಮುದ್ರದ ಸರಕಿಗೆ ಮಾತ್ರ. ‘ಟೆನ್ ಪ್ಲಸ್ ಟೂ’ ಎನ್ನುವುದೂ ಇದನ್ನೇ. ಹತ್ತು ವಿವರ ನಿಮ್ಮದು, ಎರಡು ಹಡಗು ಕಂಪನಿಯದು.

ಮೊದಲು ನಿಮ್ಮ ಪರವಾಗಿ ದಾಖಲೆ ಸಲ್ಲಿಸುವ ಕಸ್ಟಮ್ಸ್ ಬ್ರೋಕರ್‌ಗೆ ಅಧಿಕಾರಪತ್ರ ಕೊಟ್ಟು ಬಾಂಡ್ (ಸುಂಕ, ದಂಡ ಸಲ್ಲುತ್ತದೆಂದು ಕಸ್ಟಮ್ಸ್‌ಗೆ ಕೊಡುವ ಖಾತರಿ) ಮಾಡಿಸಿ. ವರ್ಷಕ್ಕೆ ಎರಡೇ ಸಲ ತರಿಸಿದರೂ ವರ್ಷವಿಡೀ ಎಲ್ಲ ಸರಕಿಗೂ ನಡೆಯುವ ಕಂಟಿನ್ಯೂಯಸ್ ಬಾಂಡನ್ನೇ ತೆಗೆದುಕೊಳ್ಳಿ. ಪ್ರತಿ ಸಲ ಬಿಡಿ ಬಾಂಡಿನ ಹಿಂದೆ ಓಡುವುದು ಬೇಡ.

ಎರಡನೆಯದು ವಿವರ ಕಲೆಹಾಕುವುದು. ಎಡವುವುದು ಇಲ್ಲೇ. ಇನ್‌ವಾಯ್ಸ್‌ನಲ್ಲಿರುವ ಹಾಂಗ್‌ಕಾಂಗ್ ವಿಳಾಸವನ್ನೇ ಮಾರಾಟಗಾರ, ತಯಾರಕ ಎರಡೂ ಕಡೆ ಅಂಟಿಸುತ್ತಾರೆ. ಹಾಂಗ್‌ಕಾಂಗ್‌ನವರು ಬರೀ ವ್ಯಾಪಾರಿಗಳು. ಸ್ಪೀಕರ್ ಜೋಡಿಸಿದ್ದು ಡಾಂಗ್‌ಗುವಾನ್‌ನ ಕಾರ್ಖಾನೆಯಲ್ಲಿ, ಕಂಟೇನರ್ ತುಂಬಿದ್ದು ಯಾಂಟಿಯನ್ ಬಂದರಿನ ಹತ್ತಿರದ ಗೋದಾಮಿನಲ್ಲಿ ಎಂದಾದರೆ ಮೂರು ಕಡೆ ಮೂರು ವಿಳಾಸ ಬರಬೇಕು. ಕಂಟೇನರ್ ತುಂಬಿಸಿದವರು ಯಾರು ಎಂಬುದು ಬೇರೆಯೇ ಅಂಕಣ. ಮುಂಗಡ ಕಳುಹಿಸುವಾಗಲೇ ಇದನ್ನೆಲ್ಲ ಬರೆಸಿಕೊಳ್ಳಿ. ಹಣ ಪೂರ್ತಿ ಸಂದ ಮೇಲೆ ಉತ್ತರ ನಿಧಾನವಾಗುತ್ತದೆ. ಸುಂಕ ಸಂಕೇತದ ಜಾಗದಲ್ಲಿ ‘ಎಲೆಕ್ಟ್ರಾನಿಕ್ಸ್’ ಎಂದು ಬರೆದರೆ ನಡೆಯದು, ಆರು ಅಂಕಿ ಬೇಕು. ಸ್ಪೀಕರ್ ಜೊತೆ ಪವರ್ ಬ್ಯಾಂಕ್ ಇದ್ದರೆ ಅದಕ್ಕೆ ಪ್ರತ್ಯೇಕವಾಗಿ 8507.60.

ಸಾಗಣೆ ದರದೊಳಗೇ ‘ಐಎಸ್‌ಎಫ್ ಉಚಿತ’ ಎನ್ನುವ ಫಾರ್ವರ್ಡರ್‌ಗಳು (ಸರಕು ಸಾಗಣೆಯ ಏರ್ಪಾಡು ಮಾಡುವವರು) ಇದ್ದಾರೆ. ನಾನು ಕಂಡ ಒಬ್ಬರು ಹೌಸ್ ಬಿಲ್ (ಫಾರ್ವರ್ಡರ್ ಕೊಡುವ ಸಾಗಣೆ ರಸೀದಿ) ಸಂಖ್ಯೆ ಹಾಕಬೇಕಾದಲ್ಲಿ ಮಾಸ್ಟರ್ ಬಿಲ್ (ಹಡಗು ಕಂಪನಿ ಕೊಡುವ ರಸೀದಿ) ಸಂಖ್ಯೆ ಹಾಕಿದ್ದರು. ಫೈಲಿಂಗ್ ಯಾವ ಸರಕಿಗೂ ಹೊಂದದೆ ತೇಲುತ್ತಿತ್ತು. ತುಂಬಿದವರು ಯಾರೇ ಆಗಲಿ, ಪ್ರತಿ ತಪ್ಪಿಗೆ 5,000 ಡಾಲರ್‌ವರೆಗಿನ ದಂಡಕ್ಕೆ ಕಸ್ಟಮ್ಸ್ ಕೇಳುವುದು ಆಮದುದಾರನನ್ನೇ.

ಮೂರನೆಯದು ಸಮಯ. ಅಮೆರಿಕಕ್ಕೆ ಹೋಗುವ ಹಡಗಿಗೆ ಸರಕು ಏರಿಸುವ 24 ಗಂಟೆ ಮೊದಲು ಎಂಟು ವಿವರ ತಲುಪಿರಬೇಕು. ಹಡಗು ಹೊರಡುವ ಗಂಟೆಯಿಂದ ಲೆಕ್ಕ ಹಾಕಬೇಡಿ. ಕಂಟೇನರ್ ತುಂಬಿದ ಜಾಗ, ತುಂಬಿಸಿದವರು ಎಂಬ ಎರಡಕ್ಕೆ ಮಾತ್ರ ಅಮೆರಿಕದ ಬಂದರು ಮುಟ್ಟುವ 24 ಗಂಟೆ ಮೊದಲಿನವರೆಗೆ ಅವಕಾಶವಿದೆ. ನಾನಂತೂ ಆ ರಿಯಾಯಿತಿಯನ್ನು ನೆಚ್ಚುವುದಿಲ್ಲ, ಮೂರು ದಿನ ಮೊದಲೇ ಹತ್ತನ್ನೂ ಕಳುಹಿಸಿಬಿಡುತ್ತೇನೆ.

ಬ್ರೋಕರ್ ‘ಸ್ವೀಕೃತವಾಗಿದೆ’ ಎಂದರೆ ಫೋನ್ ಇಡಬೇಡಿ. ಫೈಲಿಂಗ್‌ನ ಬಿಲ್ ಸಂಖ್ಯೆ ಕಸ್ಟಮ್ಸ್ ಬಳಿಯ ಸರಕಿನ ದಾಖಲೆಗೆ ಹೊಂದಿದೆಯೇ ಎಂದು ಕೇಳಿ. ಇನ್ನೂ ಹೊಂದಿಲ್ಲ ಎಂದರೆ ಫಾರ್ವರ್ಡರ್ ತನ್ನ ಕಡೆಯಿಂದ ಸಲ್ಲಿಸಿದ ಬಿಲ್ ಸಂಖ್ಯೆಯನ್ನು ತರಿಸಿ, ನಿಮ್ಮದರ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ. ಸೊನ್ನೆಯ ಜಾಗದಲ್ಲಿ ‘ಓ’ ಕೂತಿರುವುದನ್ನು ಎರಡು ಸಲ ಹಿಡಿದಿದ್ದೇನೆ.