ಕಾಡಿನಲ್ಲಿ ಹಳೆಯ ಮನುಷ್ಯರ ಗುರುತು ಹುಡುಕುವುದು ಹೇಗೆ?

ಮನುಷ್ಯ ಕಾಲಿಟ್ಟೇ ಇಲ್ಲ ಅಂತ ನಾವು ಅಂದುಕೊಂಡಿರುವ ಎಷ್ಟೋ ಕಾಡು, ಹುಲ್ಲುಗಾವಲುಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಯಾರೋ ಬಾಳಿ ಹೋಗಿದ್ದಾರೆ. ಗೋಡೆ ಸಿಗದಿದ್ದರೂ ಪರವಾಗಿಲ್ಲ, ಗಿಡ ಮತ್ತು ಮಣ್ಣೇ ಸಾಕಷ್ಟು ಹೇಳುತ್ತವೆ.

ಮೊದಲು ಗಿಡ ನೋಡಿ. ಸುತ್ತಲಿಗಿಂತ ಒಂದೇ ಕಡೆ ಹಸಿರು ಜಾಸ್ತಿ ಇದೆಯಾ? ಬೇರೆ ಜಾತಿಯ ಗಿಡಗಳು ಗುಂಪುಗುಂಪಾಗಿ ನಿಂತಿವೆಯಾ? ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಇದರ ಹಿಂದೆ ಹೆಚ್ಚಾಗಿ ಇರುವುದು ರಂಜಕ, ಅಂದರೆ ಗಿಡಗಳಿಗೆ ಬೇಕಾದ ಫಾಸ್ಫರಸ್ ಎಂಬ ಪೋಷಕಾಂಶ. ಸಗಣಿ, ಮೂಳೆ, ಬೂದಿ, ಅಡುಗೆಯ ಕಸ ಎಲ್ಲದರಲ್ಲೂ ಅದು ಇರುತ್ತದೆ, ಮತ್ತು ಸಾರಜನಕದ ಹಾಗೆ ಮಳೆಗೆ ಬೇಗ ತೊಳೆದುಹೋಗದೆ ಮಣ್ಣಿಗೆ ಅಂಟಿಕೊಂಡು ಕೂತುಬಿಡುತ್ತದೆ. ಕೀನ್ಯಾದ ಸವನ್ನಾದಲ್ಲಿ ದುಂಡಗಿನ ಹುಲ್ಲಿನ ಬಯಲುಗಳಿವೆ. ಅವುಗಳಲ್ಲಿ ಕೆಲವು 1,500ರಿಂದ 3,000 ವರ್ಷಕ್ಕೂ ಹಿಂದಿನ ದನ, ಕುರಿಗಳ ದೊಡ್ಡಿಗಳು. ದೊಡ್ಡಿ ಮಣ್ಣಾಗಿ ಎಷ್ಟೋ ಕಾಲವಾಯಿತು, ಆದರೆ ಇವತ್ತಿಗೂ ಕಾಡುಪ್ರಾಣಿಗಳು ಮೇಯಲು ಅಲ್ಲಿಗೇ ಬರುತ್ತವೆ. ನನಗೆ ಇದಕ್ಕಿಂತ ಚೆಂದದ ಉದಾಹರಣೆ ಗೊತ್ತಿಲ್ಲ. ಫ್ರಾನ್ಸಿನ ಟ್ರಾನ್ಸೇ ಓಕ್ ಕಾಡಿನಲ್ಲೂ ಹೀಗೇ: ರೋಮನ್ ಕಾಲದ ಹೊಲಮನೆಗಳಿದ್ದ ಕಡೆ ಗಿಡಗಳ ಬಗೆ ಈಗಲೂ ಹೆಚ್ಚು.

ಆಮೇಲೆ ಮಣ್ಣಿನ ಬಣ್ಣ. ಒಂದು ಹಿಡಿ ಇಲ್ಲಿಂದ, ಇನ್ನೊಂದು ಐವತ್ತು ಹೆಜ್ಜೆ ಆಚೆಯಿಂದ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಅಮೆಜಾನಿನ ಸಹಜ ಮಣ್ಣು ಹಳದಿ, ಕೆಂಪು, ಸಾರವಿಲ್ಲದ್ದು. ನಡುವೆ ಅಲ್ಲಲ್ಲಿ ಕಪ್ಪು ಮಣ್ಣಿನ ತುಂಡು ಜಾಗಗಳು ಸಿಗುತ್ತವೆ, ಅದರಲ್ಲಿ ಇದ್ದಿಲು, ಮಡಕೆಚೂರು, ಮೂಳೆ ಬೆರೆತಿರುತ್ತವೆ. ಅದನ್ನು ಟೆರ್ರಾ ಪ್ರೇಟಾ ಎನ್ನುತ್ತಾರೆ. ಅದು ಅಲ್ಲಿ ಬಾಳಿದವರಿಂದಲೇ ಆದ ಮಣ್ಣು. ಆದರೆ ಬರೀ ಕಪ್ಪು ಬಣ್ಣ ನಂಬಬೇಡಿ. ಜೌಗು ನೆಲವೂ ಕಪ್ಪೇ ಇರುತ್ತದೆ, ಸಿಡಿಲಿನ ಬೆಂಕಿಯಿಂದಲೂ ಇದ್ದಿಲು ಆಗುತ್ತದೆ, ಅಲ್ವಾ? ಎರಡು ಮೂರು ಗುರುತು ಒಟ್ಟಿಗೆ ಸಿಕ್ಕರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೆಲದ ಏರಿಳಿತ ನೋಡಲು ಮಧ್ಯಾಹ್ನ ಹೋಗಬೇಡಿ. ಸೂರ್ಯ ಕೆಳಗಿದ್ದಾಗ ಗೇಣುದ್ದದ ದಿಬ್ಬಕ್ಕೂ ನೆರಳು ಬೀಳುತ್ತದೆ, ಹಳೆಯ ಬದು, ಕಾಲುವೆ ಗೆರೆಯಾಗಿ ಎದ್ದು ಕಾಣುತ್ತವೆ. ಮರ ದಟ್ಟವಾಗಿದ್ದರೆ ಕಣ್ಣು ಸಾಲದು, ಲೈಡಾರ್ (ವಿಮಾನದಿಂದ ಲೇಸರ್ ಬೆಳಕು ಬಿಟ್ಟು ಮರಗಳ ಕೆಳಗಿನ ನೆಲದ ಏರಿಳಿತ ಅಳೆಯುವ ವಿಧಾನ) ನಕ್ಷೆ ಸಿಗುತ್ತದಾ ನೋಡಿ. ಗ್ವಾಟೆಮಾಲಾದ ಕಾಡಿನ ಕೆಳಗೆ ಮಾಯಾ ಎಂಬ ಜನರು ಹಿಂದೆ ಕಟ್ಟಿದ 60,000ಕ್ಕೂ ಹೆಚ್ಚು ಕಟ್ಟಡ, ಕಟ್ಟೆಗಳಿವೆ ಅಂತ 2018ರಲ್ಲಿ ಗೊತ್ತಾಗಿದ್ದು ಇದರಿಂದಲೇ.

ಮಡಕೆಚೂರು ಸಿಕ್ಕರೆ ಸುಮ್ನೆ ಜೇಬಿಗೆ ಹಾಕಿಕೊಳ್ಳಬೇಡಿ, ದಯವಿಟ್ಟು. ಅದು ಬಿದ್ದಿರುವ ಜಾಗವೇ ಅರ್ಧ ಕಥೆ. ಗಾತ್ರ ತಿಳಿಯಲು ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆಯಿರಿ, ಜಾಗ ಗುರುತು ಹಾಕಿಕೊಳ್ಳಿ, ಪುರಾತತ್ವದವರಿಗೆ ತಿಳಿಸಿ.